ಕಲ್ಲಂಗಡಿ ಬೀಜ ಉಗಿಯೋ ಪಂದ್ಯ: ಬೀಜ ಆರಿಸೋದರಿಂದ ಅಳತೆ ಬರೆಯೋವರೆಗೆ

ಶಿವರಾತ್ರಿ ಕಳೀತು ಅಂದರೆ ಮದ್ದೂರಿನಿಂದ ಶ್ರೀರಂಗಪಟ್ಟಣದವರೆಗೂ ಹಳೇ ರಸ್ತೆಯ ಪಕ್ಕ ಕಲ್ಲಂಗಡಿ ರಾಶಿ ಬೀಳುತ್ತದೆ. ಹೋಳು ಕೈಗೆ ಬಂದ ಕೂಡಲೇ ಮಕ್ಕಳು ಮಾಡೋ ಮೊದಲ ಕೆಲಸ, ಬೀಜವನ್ನು ಫೂ ಅಂತ ಹಾರಿಸಿ ಯಾರದು ದೂರ ಹೋಯಿತು ಅಂತ ನೋಡೋದು. ಇದೇ ಆಟವನ್ನು ಅಮೆರಿಕದವರು ಗೆರೆ ಎಳೆದು, ಟೇಪು ಹಿಡಿದು ಹಬ್ಬ ಮಾಡಿಕೊಂಡಿದ್ದಾರೆ. ಟೆಕ್ಸಾಸ್‌ನ ಲೂಲಿಂಗ್ ಎಂಬ ಊರಿನಲ್ಲಿ 1954ರಿಂದ ಕಲ್ಲಂಗಡಿ ಹಬ್ಬ ನಡೆಯುತ್ತಿದೆ. ಅಲ್ಲಿ 1989ರಲ್ಲಿ ಲೀ ವೀಲಿಸ್ ಎಂಬುವರು ಬೀಜವನ್ನು 68 ಅಡಿ 9 ಅಂಗುಲಕ್ಕೂ ಆಚೆ ಹಾರಿಸಿದರು. ಮಿಶಿಗನ್‌ನ ಓ ಕ್ಲೇರ್‌ನಲ್ಲಿ 1974ರಲ್ಲಿ ಚೆರ್ರಿ ಹಣ್ಣಿನ ಗೊರಟೆ ಉಗಿಯೋ ಪಂದ್ಯ ಶುರುವಾಯಿತು. ಆ ಗೊರಟೆಯ ದಾಖಲೆ 93 ಅಡಿ ದಾಟಿದೆ.

ನಮ್ಮಲ್ಲಿ ಹಣ್ಣೂ ಇದೆ, ಬಿಸಿಲೂ ಇದೆ, ಮಕ್ಕಳಿಗೆ ಏಪ್ರಿಲ್ ಎರಡನೇ ವಾರದಿಂದ ರಜೆಯೂ ಇದೆ. ಒಂದು ಬೀದಿಯವರು, ಒಂದು ಯುವಕರ ಸಂಘ ಅಥವಾ ಒಂದು ಶಾಲೆಯ ಹಳೇ ವಿದ್ಯಾರ್ಥಿಗಳು ಸೇರಿದರೆ ಒಂದೇ ಬೆಳಿಗ್ಗೆಯಲ್ಲಿ ಮುಗಿಯೋ ಪಂದ್ಯ ಇದು. ನಲವತ್ತು ಸ್ಪರ್ಧಿಗಳು, ನೂರು ಜನ ನೋಡೋರು ಅನ್ನೋ ಲೆಕ್ಕ ಇಟ್ಟುಕೊಂಡು ಇಲ್ಲಿ ಬರೆದಿದ್ದೇವೆ.

ಒಂದು ಮಾತು ಮೊದಲೇ ಹೇಳಬೇಕು. ಹೆಸರು ‘ಉಗಿಯೋದು’ ಅಂತಿದ್ದರೂ ಕೆಲಸ ಊದೋದು. ಬೀಜ ಹೋಗೋದು ಉಸಿರಿನ ಬಲದಿಂದ. ಎಂಜಲು ಹೆಚ್ಚಾದಷ್ಟೂ ಬೀಜ ತುಟಿಗೆ ಅಂಟಿ ಕಾಲ ಬಳಿಯೇ ಬೀಳುತ್ತದೆ. ಬೀಜ ಯಾವುದಿರಬೇಕು, ಜಾಗ ಎಲ್ಲಿರಬೇಕು, ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದೆಲ್ಲ ಇದೊಂದು ಮಾತಿನಿಂದಲೇ ತೀರ್ಮಾನವಾಗುತ್ತದೆ.

ಹಣ್ಣು ಮತ್ತು ಬೀಜ

ಪಂದ್ಯಕ್ಕೆ ಬೇಕಾದಷ್ಟು ಬೀಜ ಒಂದೇ ಹಣ್ಣಿನಲ್ಲಿ ಸಿಗುತ್ತದೆ. ನಾಲ್ಕೈದು ಕಿಲೋ ತೂಗೋ, ಚೆನ್ನಾಗಿ ಬಲಿತ ಬೀಜದ ಹಣ್ಣಿನಲ್ಲಿ ನೂರಾರು ಬೀಜ ಇರುತ್ತವೆ. ಒಬ್ಬರಿಗೆ ಮೂರು ಸರದಿ, ಎರಡು ಅಭ್ಯಾಸ, ಐದು ಹೆಚ್ಚುವರಿ ಅಂತ ಹಿಡಿದರೂ ನಲವತ್ತು ಜನಕ್ಕೆ ನಾನೂರು ಬೀಜ. ಎರಡು ಹಣ್ಣು ಕೊಯ್ದರೆ ನಿಶ್ಚಿಂತೆ. ಉಳಿದ ಹಣ್ಣೆಲ್ಲ ತಿನ್ನೋಕೆ. ತಲೆಗೆ 300 ಗ್ರಾಂ ತಿರುಳು ಅಂದುಕೊಂಡರೆ ನೂರು ಜನಕ್ಕೆ 30 ಕಿಲೋ ತಿರುಳು ಬೇಕು, ಸಿಪ್ಪೆ ಸೇರಿ ಸುಮಾರು 50 ಕಿಲೋ ಹಣ್ಣು.

ಹಣ್ಣಿನ ಜಾತಿ ಕೇಳಿ ತನ್ನಿ. ಈಗ ರಸ್ತೆ ಬದಿಯಲ್ಲಿ ಹೆಚ್ಚು ಕಾಣೋ ಉದ್ದನೆಯ ಕಡುಹಸಿರು ‘ಕಿರಣ್’ ಹಣ್ಣು ತಿನ್ನೋಕೆ ಸೊಗಸು, ಆದರೆ ಅದರ ಬೀಜ ಸಣ್ಣದು. ಪಂದ್ಯದ ಬೀಜಕ್ಕೆ ಪಟ್ಟೆ ಇರೋ ದಪ್ಪ ಹಣ್ಣೇ ಆಗಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಮಾಣಿಕ್’ ಬೆಳೆದಿರೋ ರೈತರು ಹತ್ತಿರದಲ್ಲಿದ್ದರೆ ಅವರನ್ನೂ ಕೇಳಬಹುದು. ಕೊಳ್ಳುವ ಮುಂಚೆ ಒಂದನ್ನು ಕತ್ತರಿಸಿ ನೋಡಿ. ಬೀಜ ಪೂರ್ತಿ ಕಪ್ಪೋ ಕಂದೋ ಆಗಿ, ಉಗುರಿನಲ್ಲಿ ಒತ್ತಿದರೆ ಗಟ್ಟಿಯಾಗಿರಬೇಕು. ಬಿಳಿ ಬೀಜ ಎಳಸು, ಒಳಗೆ ತಿರುಳಿಲ್ಲ. ಅದು ಎಷ್ಟೇ ಜೋರಾಗಿ ಊದಿದರೂ ನಾಲ್ಕಡಿಯಲ್ಲಿ ಗಾಳಿಗೆ ಸೋತು ಬೀಳುತ್ತದೆ.

ಹಿಂದಿನ ದಿನ ಸಂಜೆ ಬೀಜ ತೆಗೆದು, ಎರಡು ಮೂರು ನೀರಿನಲ್ಲಿ ಅಂಗೈಯಿಂದ ಉಜ್ಜಿ ಲೋಳೆ ಬಿಡಿಸಿ. ಆಮೇಲೆ ಪಾತ್ರೆ ತುಂಬ ನೀರು ಹಾಕಿ ಒಂದು ಸಲ ಕದಡಿ ಸುಮ್ಮನೆ ಬಿಡಿ. ತೇಲೋದು ಜೊಳ್ಳು, ಎತ್ತಿ ಬಿಸಾಡಿ. ಮುಳುಗಿದ್ದನ್ನು ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಬಿಸಿಲಿಗೆ ಇಡಬೇಡಿ. ಮೊದಲೇ ಹತ್ತು ಬೀಜ ಸೇರಿದರೂ ಒಂದು ಗ್ರಾಂ ಮುಟ್ಟೋದು ಕಷ್ಟ. ಒಣಗಿದರೆ ಇನ್ನೂ ಹಗುರವಾಗಿ ಗಾಳಿಯನ್ನು ಸೀಳೋ ಶಕ್ತಿ ಹೋಗುತ್ತದೆ. ಪಂದ್ಯದ ದಿನ ಹದಿನೈದು ನಿಮಿಷ ಮುಂಚೆ ಕುಡಿಯೋ ನೀರಿನಲ್ಲಿ ನೆನೆಸಿ, ಹತ್ತತ್ತು ಬೀಜವನ್ನು ಒಂದೊಂದು ಕಾಗದದ ಲೋಟಕ್ಕೆ ಹಾಕಿ, ಲೋಟದ ಮೇಲೆ ಸ್ಪರ್ಧಿಯ ಹೆಸರು ಬರೆಯಿರಿ. ಒಂದೇ ಬಟ್ಟಲಿಗೆ ಎಲ್ಲರೂ ಕೈ ಹಾಕೋದು ಬೇಡ.

ಇನ್ನೆರಡು ಎಚ್ಚರಿಕೆ ಮರೆಯಬಾರದು. ಬೀಜ ಸಾಲದೆ ಹೋದಾಗ ಗೊಬ್ಬರದಂಗಡಿಯಿಂದ ಬಿತ್ತನೆ ಬೀಜದ ಪೊಟ್ಟಣ ತಂದುಬಿಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಖಂಡಿತ ಒಪ್ಪಬೇಡಿ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ, ಗುಲಾಬಿ, ನೀಲಿ, ಹಸಿರು ಬಣ್ಣ ಬಂದಿರೋದು ಅದಕ್ಕೇ. ಅದು ವಿಷ, ಬಾಯಿಗೆ ಹೋಗಲೇಬಾರದು. ಇನ್ನು ದಿನಸಿ ಅಂಗಡಿಯಲ್ಲಿ ಸಿಗೋ ಮಗಜ್ ಬೀಜಕ್ಕೆ ಸಿಪ್ಪೆಯೇ ಇರೋದಿಲ್ಲ. ಅದರಿಂದ ಕೆಡುಕಿಲ್ಲ, ಉಪಯೋಗವೂ ಇಲ್ಲ.

ಬೇರೆ ಹಣ್ಣು ಆಗದೇ ಅಂತ ಕೇಳೋರಿಗೆ: ಕರಬೂಜದ ಬೀಜ ತೀರಾ ಹಗುರ. ಜೂನ್‌ನಲ್ಲಿ ಬರೋ ನೇರಳೆ ಬೀಜ ಭಾರವಾಗಿದ್ದು ಚೆನ್ನಾಗಿ ಹಾರುತ್ತದೆ, ಆದರೆ ಗಂಟಲಿಗೆ ಸಿಕ್ಕಿದರೆ ಅಪಾಯ ದೊಡ್ಡದು. ಅದನ್ನು ದೊಡ್ಡವರಿಗೆ ಮಾತ್ರ ಇಡಿ. ಸಪೋಟ ಬೀಜ ಬೇಡವೇ ಬೇಡ. ಅದರ ಒಂದು ತುದಿಯಲ್ಲಿ ಕೊಕ್ಕೆಯಂಥ ಚೂಪು ಇದ್ದು ಗಂಟಲಿಗೆ ಕಚ್ಚಿಕೊಳ್ಳುತ್ತದೆ.

ಜಾಗ, ಹೊತ್ತು, ಗಾಳಿ

ಎಂಜಲಿನ ವಿಚಾರದಲ್ಲಿ ನಮ್ಮ ಜನರಿಗೆ ಇರೋ ಸೂಕ್ಷ್ಮ ಸರಿಯಾದದ್ದೇ, ಅದಕ್ಕೆ ಬೆಲೆ ಕೊಟ್ಟೇ ಜಾಗ ಹುಡುಕಬೇಕು. ಸಾರಿಸಿದ ಕಣ ಸಮತಟ್ಟಾಗಿರುತ್ತದೆ ನಿಜ, ಆದರೆ ರಾಶಿ ಪೂಜೆ ಮಾಡೋ ಕಣದಲ್ಲಿ ಎಂಜಲು ಹಾರಿಸೋದಕ್ಕೆ ಮನೆಯ ಹಿರಿಯರು ಒಪ್ಪೋದಿಲ್ಲ, ಒಪ್ಪಬಾರದು ಕೂಡ. ದೇವಸ್ಥಾನದ ಮುಂದೆ, ಬಾವಿ ಹತ್ತಿರ, ರಂಗೋಲಿ ಹಾಕಿರೋ ಬಾಗಿಲ ಮುಂದೆ ಬೇಡ. ನಾಲೆ ಏರಿ ಉದ್ದಕ್ಕೆ ಚೆನ್ನಾಗಿ ಕಂಡರೂ ಅಲ್ಲಿ ಗಾಳಿ ಜಾಸ್ತಿ, ಪಕ್ಕದಲ್ಲಿ ಆಳದ ನೀರು, ನೋಡೋಕೆ ಬರೋ ಮಕ್ಕಳು ಬೇರೆ. ಮೈಸೂರಿನಲ್ಲಾದರೆ ರಸ್ತೆ, ಪಾರ್ಕು, ಫುಟ್‌ಪಾತ್ ಮೇಲೆ ಮಾಡಲೇಬೇಡಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ಅದು. ಸ್ವಂತ ಖಾಲಿ ಸೈಟು, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದ ಶಾಲೆ ಅಂಗಳ, ಕಲ್ಯಾಣ ಮಂಟಪದ ಹಿಂದಿನ ಕಾಂಪೌಂಡು ಸರಿಹೋಗುತ್ತವೆ. ಎರಡು ಕಡೆ ಗೋಡೆ ಇದ್ದರೆ ಇನ್ನೂ ಒಳ್ಳೆಯದು.

ಹೊತ್ತು ಬೆಳಿಗ್ಗೆ ಏಳೂವರೆಯಿಂದ ಹತ್ತರೊಳಗೆ. ಏಪ್ರಿಲ್–ಮೇ ತಿಂಗಳ ಸಂಜೆ ತಂಪಾಗಿರುತ್ತದೆ ಅಂತ ಸಂಜೆಗೆ ಇಟ್ಟುಕೊಂಡರೆ, ನಾಲ್ಕು ಗಂಟೆಯ ಮೇಲೆ ಮೋಡ ಕಟ್ಟಿ ಮಳೆಗಾಳಿ ಎದ್ದು ಪಂದ್ಯವೇ ಕೆಡುತ್ತದೆ. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ ಊರಿನವರೆಲ್ಲ ಸೇರಿರುತ್ತಾರೆ ಅಂತ ಅವತ್ತೇ ಇಡೋದಾದರೆ ಬಾಡೂಟಕ್ಕೆ ಮೊದಲು ಮುಗಿಸಿ. ಹೊಟ್ಟೆ ತುಂಬಿದ ಮೇಲೆ ಹೊಟ್ಟೆಯಿಂದ ಉಸಿರೆಳೆಯೋಕೆ ಆಗೋದಿಲ್ಲ.

ಅಂಕಣ ಹೀಗಿರಲಿ: 10 ಅಡಿ ಅಗಲ, 50 ಅಡಿ ಉದ್ದ. ಹೊಸಬರು ಹತ್ತರಿಂದ ಇಪ್ಪತ್ತಡಿ ಹಾರಿಸುತ್ತಾರೆ, ಪಳಗಿದವರು ಮೂವತ್ತು ದಾಟಬಹುದು. ಹಾಗಾಗಿ ಐವತ್ತಡಿ ಸಾಕು. ಮಣ್ಣಿನ ಮೇಲೆ ಕಪ್ಪು ಬೀಜ ಬಿದ್ದರೆ ದೇವರಿಗೂ ಕಾಣೋದಿಲ್ಲ. ಹಳೇ ಫ್ಲೆಕ್ಸ್ ಬ್ಯಾನರುಗಳನ್ನು ಬೋರಲು ಹಾಕಿ, ಬಿಳಿ ಬದಿ ಮೇಲೆ ಬರುವಂತೆ ಹಾಸಿ. ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಅಡಿ ಬರಲಿ. ಉಗಿಯೋರ ಕಡೆಯ ಫ್ಲೆಕ್ಸ್ ಮೇಲೆ, ಆಚೆ ಕಡೆಯದು ಕೆಳಗೆ ಇದ್ದರೆ ಜಾರೋ ಬೀಜ ಅಂಚಿಗೆ ತಡೆದು ನಿಲ್ಲೋದಿಲ್ಲ. ನಾಲ್ಕೂ ಕಡೆ ಇಟ್ಟಿಗೆ ಇಡಿ. ಬೀಜ ಒದ್ದೆಯಾಗಿರೋದರಿಂದ ಫ್ಲೆಕ್ಸ್ ಮೇಲೆ ಹೆಚ್ಚು ಉರುಳದೆ ಬಿದ್ದಲ್ಲೇ ಅಂಟುತ್ತದೆ. ಟೈಲ್ಸ್ ಹಾಕಿದ ಹಾಲ್‌ನಲ್ಲಿ ಮಾಡಿದರೆ ಗಾಳಿಯ ಕಾಟ ಇಲ್ಲ, ಬೀಜ ಜಾರೋ ಕಾಟ ಇದೆ. ಅದಕ್ಕೆ ಅಲ್ಲೂ ಫ್ಲೆಕ್ಸ್ ಹಾಸಬೇಕು.

ಗಾಳಿಗೆ ಒಂದು ಸುಲಭ ಉಪಾಯ. ಅಂಕಣದ ನಡುವಿನಲ್ಲಿ, ಗೆರೆಯ ಹೊರಗೆ, ಆಳೆತ್ತರದ ಕೋಲು ನೆಟ್ಟು ತುದಿಗೆ ಒಂದು ಗೇಣು ಟೇಲರಿಂಗ್ ದಾರ ಕಟ್ಟಿ. ದಾರ ನೆಟ್ಟಗೆ ತೂಗುತ್ತಿದ್ದರೆ ‘ಹೂಂ’ ಅನ್ನಿ. ಅಲ್ಲಾಡಿದರೆ ಕಾಯಿಸಿ. ಹಿಂದಿನಿಂದ ಬೀಸೋ ಸಣ್ಣ ಗಾಳಿಯೂ ಬೀಜವನ್ನು ಅಡಿಗಟ್ಟಲೆ ಮುಂದಕ್ಕೆ ಒಯ್ಯುತ್ತದೆ. ಒಬ್ಬರಿಗೆ ಗಾಳಿ ಸಿಕ್ಕಿ ಇನ್ನೊಬ್ಬರಿಗೆ ಸಿಗದೆ ಹೋದರೆ ಜಗಳ ಶುರುವಾಗೋದು ಅಲ್ಲಿಂದಲೇ.

ಉಗಿಯೋ ಬಗೆ

ಮೊದಲು ಬಾಯಿ ಮುಕ್ಕಳಿಸಿ. ಎಲೆಅಡಿಕೆ ಹಾಕಿದವರು ಪೂರ್ತಿ ಉಗಿದು, ತೊಳೆದುಕೊಂಡೇ ಬರಬೇಕು. ಬಾಯಲ್ಲಿರೋ ಎಂಜಲನ್ನು ಒಂದು ಸಲ ನುಂಗಿ, ತುಟಿ ಒರೆಸಿಕೊಳ್ಳಿ.

ಬಲಗಾಲು ಅಥವಾ ಎಡಗಾಲು, ಯಾವುದು ಅನುಕೂಲವೋ ಅದನ್ನು ಗೆರೆಯ ಹಿಂದೆ ಇಡಿ, ಇನ್ನೊಂದು ಒಂದಡಿ ಹಿಂದೆ.

ಈಗ ಉಸಿರು. ಬೀಜ ಇನ್ನೂ ಬೆರಳಲ್ಲೇ ಇರಲಿ. ಮೂಗಿನಿಂದ ನಿಧಾನವಾಗಿ, ಎದೆ ಉಬ್ಬಿಸದೆ ಹೊಟ್ಟೆ ಉಬ್ಬುವಂತೆ ಎಳೆಯಿರಿ. ಉಸಿರು ತುಂಬಿ, ಹಿಡಿದು ನಿಂತ ಮೇಲೆ ಬೀಜ ಬಾಯಿಗೆ ಹೋಗಲಿ. ಈ ಕ್ರಮ ತಿರುಗುಮುರುಗಾದರೆ, ಅಂದರೆ ಬೀಜ ನಾಲಿಗೆ ಮೇಲಿಟ್ಟುಕೊಂಡು ಬಾಯಿಂದ ಉಸಿರೆಳೆದರೆ, ಬೀಜ ಶ್ವಾಸನಾಳಕ್ಕೆ ಹೋಗುತ್ತದೆ. ಪಂದ್ಯದಲ್ಲಿ ಇರೋ ದೊಡ್ಡ ಅಪಾಯ ಇದೊಂದೇ, ಅಭ್ಯಾಸದ ಹೊತ್ತಿನಲ್ಲೇ ಪ್ರತಿಯೊಬ್ಬರಿಗೂ ಮಾಡಿ ತೋರಿಸಿ.

ಬೀಜದ ಒಂದು ತುದಿ ಚೂಪು, ಇನ್ನೊಂದು ದುಂಡಗೆ. ಚೂಪು ತುದಿ ಹೊರಗೆ ಬರುವಂತೆ ನಾಲಿಗೆಯ ತುದಿಯಲ್ಲಿ ಮಲಗಿಸಿ. ನಾಲಿಗೆಯ ಎರಡೂ ಅಂಚನ್ನು ಮೇಲೆತ್ತಿ ಕೊಳವೆಯ ಹಾಗೆ ಸುತ್ತಿ, ಅದರ ಸುತ್ತ ತುಟಿಯನ್ನು ‘ಊ’ ಅನ್ನೋ ಆಕಾರಕ್ಕೆ ಬಿಗಿಯಿರಿ. ಸುಮಾರು ಜನಕ್ಕೆ ನಾಲಿಗೆ ಸುತ್ತೋಕೆ ಬರೋದಿಲ್ಲ, ಬೇಜಾರಾಗೋದು ಬೇಡ. ಅವರು ನಾಲಿಗೆಯ ನಡುವೆ ಸಣ್ಣ ಹಳ್ಳ ಮಾಡಿಕೊಂಡು, ಸಿಳ್ಳೆ ಹಾಕೋ ಹಾಗೆ ತುಟಿ ಇಟ್ಟರೂ ಕೆಲಸ ನಡೆಯುತ್ತದೆ.

ಹಳೇ ಅಡುಗೆಮನೆಯಲ್ಲಿ ಒಲೆ ಊದೋ ಊದುಗೊಳವೆ ನೋಡಿದವರಿಗೆ ಮುಂದಿನದು ಬೇಗ ಅರ್ಥವಾಗುತ್ತದೆ. ಕೊಳವೆ ಕಿರಿದಾಗಿದ್ದರೆ ಗಾಳಿಗೆ ವೇಗ. ಒಲೆಗೆ ಉದ್ದಕ್ಕೆ ಊದುತ್ತಾರೆ, ಇಲ್ಲಿ ಅಷ್ಟೂ ಉಸಿರನ್ನು ಒಂದೇ ಏಟಿಗೆ ಬಿಡಬೇಕು. ನಾಲಿಗೆಯ ತುದಿ ಬೀಜವನ್ನು ತುಟಿಗೆ ಒತ್ತಿ ದಾರಿ ಮುಚ್ಚಿರುತ್ತದೆ, ಹಿಂದೆ ಹೊಟ್ಟೆ ಬಿಗಿದು ಒತ್ತಡ ಕಟ್ಟುತ್ತದೆ, ‘ತುಃ’ ಅಂತ ನಾಲಿಗೆ ಹಿಂದಕ್ಕೆ ಎಳೆದುಕೊಂಡ ಕ್ಷಣ ಬೀಜ ಸಿಡಿಯುತ್ತದೆ. ಕೆನ್ನೆ ಉಬ್ಬಿಸಿ ಪಟ್ ಅಂತ ಒಡೆದರೆ ಕೆನ್ನೆಯಲ್ಲಿರೋ ಒಂದಿಷ್ಟು ಗಾಳಿ ಮಾತ್ರ ಹೊರಗೆ ಬರುತ್ತದೆ. ಓ ಕ್ಲೇರ್ ಪಂದ್ಯದಲ್ಲಿ ಕೆನ್ನೆ ಒತ್ತೋದಕ್ಕೆ ಅವಕಾಶವೇ ಇಲ್ಲ, ಕೈ ಭುಜಕ್ಕಿಂತ ಕೆಳಗಿರಬೇಕು. ಈ ನಿಯಮವನ್ನು ನೀವೂ ಇಟ್ಟುಕೊಳ್ಳಿ.

ಎಷ್ಟು ಮೇಲಕ್ಕೆ? ಕಲ್ಲೆಸೆಯುವವರಿಗೆ 45 ಡಿಗ್ರಿ ಒಳ್ಳೆಯದು ಅಂತ ಶಾಲೆಯಲ್ಲಿ ಓದಿರುತ್ತೇವೆ. ಬೀಜ ಹಗುರ, ಗಾಳಿ ಅದನ್ನು ಬೇಗ ಹಿಡಿದು ನಿಲ್ಲಿಸುತ್ತದೆ, ಅದಲ್ಲದೆ ಅದು ಹೊರಡೋದು ನೆಲದಿಂದ ಐದಡಿ ಮೇಲಿನಿಂದ. ಆದ್ದರಿಂದ 35 ಡಿಗ್ರಿಯ ಆಸುಪಾಸು ಸಾಕು. ಡಿಗ್ರಿ ಅಂದಾಜು ಸಿಗದವರಿಗೆ ಅಭ್ಯಾಸದ ಜಾಗದಲ್ಲಿ ಹತ್ತಡಿ ಮುಂದೆ, ಹತ್ತಡಿ ಎತ್ತರದಲ್ಲಿ ಅಡ್ಡಲಾಗಿ ಒಂದು ಹಗ್ಗ ಕಟ್ಟಿ. ಬೀಜ ಹಗ್ಗವನ್ನು ಸವರಿಕೊಂಡು ಹೋದರೆ ಸರಿ. ತುಂಬ ಮೇಲೆ ಹೋದರೆ ಗದ್ದ ಇಳಿಸಿ, ಕೆಳಗೆ ನುಸುಳಿದರೆ ಗದ್ದ ಎತ್ತಿ. ಊದುವ ಹೊತ್ತಿಗೆ ಸೊಂಟದಿಂದ ಮೇಲಕ್ಕೆ ಸ್ವಲ್ಪ ಹಿಂದೆ ಬಾಗಿ, ಮುಂದಕ್ಕೆ ಬರುತ್ತಾ ಬಿಡಿ. ಕತ್ತು ಮಾತ್ರ ಝಾಡಿಸಿದರೆ ಕತ್ತು ಉಳುಕುತ್ತದೆ, ದೂರ ಹೆಚ್ಚೋದಿಲ್ಲ.

ತಪ್ಪುಗಳನ್ನು ಬೀಜವೇ ಹೇಳುತ್ತದೆ. ಕಾಲ ಬಳಿ ಬಿತ್ತು ಅಂದರೆ ತುಟಿ ಸಡಿಲ ಅಥವಾ ಎಂಜಲು ಜಾಸ್ತಿ. ಪ್ರತಿ ಸಲವೂ ಒಂದೇ ಪಕ್ಕಕ್ಕೆ ಹೋಗುತ್ತಿದ್ದರೆ ನಾಲಿಗೆಯ ಒಂದು ಅಂಚು ಹೆಚ್ಚು ಎದ್ದಿದೆ, ಅಥವಾ ಬೀಜ ಓರೆಯಾಗಿ ಕೂತಿದೆ. ಚೆನ್ನಾಗಿ ಹೊರಟು ನಡುವಿನಲ್ಲಿ ಗಿರಗಿರ ತಿರುಗಿ ಬಿದ್ದರೆ ದುಂಡು ತುದಿ ಮುಂದಾಗಿತ್ತು. ಬೀಜದ ಜೊತೆ ಹನಿ ಹನಿ ಸಿಡಿದರೆ ನುಂಗೋದು ಮರೆತಿದ್ದೀರಿ. ಅಭ್ಯಾಸ ಒಂದು ಹೊತ್ತಿಗೆ ಆರೇಳು ಸಲಕ್ಕೆ ನಿಲ್ಲಿಸಿ, ಮೇಲಿಂದ ಮೇಲೆ ಆಳವಾದ ಉಸಿರೆಳೆದರೆ ತಲೆ ಸುತ್ತುತ್ತದೆ. ಬಿ.ಪಿ., ಹೃದಯದ ತೊಂದರೆ, ಹರ್ನಿಯಾ ಇರೋರು, ಕಣ್ಣಿನ ಆಪರೇಷನ್ ಹೊಸದಾಗಿ ಆಗಿರೋರು ಅಳತೆಯ ಕೆಲಸಕ್ಕೆ ನಿಲ್ಲಲಿ.

ಮಕ್ಕಳು

ಎಂಟು ವರ್ಷದೊಳಗಿನವರಿಗೆ ಬೀಜ ಕೊಡಬೇಡಿ. ಅತ್ತರೂ ಕೊಡಬೇಡಿ. ಚಿಕ್ಕವರು ನಗುತ್ತಾ, ಓಡುತ್ತಾ ಉಸಿರೆಳೆಯುತ್ತಾರೆ, ಬೀಜ ಒಳಗೆ ಹೋಗೋದಕ್ಕೆ ಅಷ್ಟು ಸಾಕು. ಅವರಿಗೆ ಬೇರೆ ಆಟ ಇಡಿ: ಎಂಟಡಿ ದೂರದ ಪ್ಲಾಸ್ಟಿಕ್ ಬೇಸಿನ್‌ಗೆ ಕೈಯಿಂದ ಬೀಜ ಎಸೆಯೋದು. ಹತ್ತರಲ್ಲಿ ಎಷ್ಟು ಬಿತ್ತು ಅನ್ನೋದೇ ಅಂಕ.

ಬೀಜ ನುಂಗಿದರೆ ಗಾಬರಿ ಬೇಡ, ಹೊಟ್ಟೆಗೆ ಹೋದದ್ದು ಹಾಗೇ ಹೊರಗೆ ಹೋಗುತ್ತದೆ. ಆ ಸರದಿ ಹೋಯಿತು ಅಷ್ಟೇ. ಗಂಟಲಿಗೆ ಸಿಕ್ಕಿ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮೋಕೆ ಬಿಡಿ, ಬಾಯಿಗೆ ಬೆರಳು ಹಾಕಬೇಡಿ. ಮಾತು ನಿಂತು, ಕೆಮ್ಮೂ ಬಾರದೆ ಹೋದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಏಟು ಕೊಡಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಮತ್ತೆ ಐದು ಏಟು, ಮತ್ತೆ ಐದು ಒತ್ತು. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಬೀಜ ಹೋಯಿತು ಅಂದುಕೊಂಡ ಮೇಲೂ ಕೆಮ್ಮು, ಉಬ್ಬಸ, ಸುಯ್ ಅನ್ನೋ ಸದ್ದು ಉಳಿದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಸಿರಿನ ದಾರಿಯಲ್ಲಿ ಉಳಿದ ಬೀಜ ಒಂದೆರಡು ದಿನ ಸುಮ್ಮನಿದ್ದು ಆಮೇಲೆ ತೊಂದರೆ ಕೊಡಬಹುದು.

ಪಂದ್ಯ ನಡೆಸೋದು

ಗುಂಪು ಐದು: 8–12, 13–17, ಹೆಂಗಸರು, ಗಂಡಸರು, ಅರವತ್ತು ದಾಟಿದವರು. ಹೆಂಗಸರ ಗುಂಪನ್ನು ಎಲ್ಲರಿಗಿಂತ ಮೊದಲು ಕರೆಯಿರಿ. ಕೊನೆಗೆ ಇಟ್ಟರೆ ಅಷ್ಟೊತ್ತಿಗೆ ಜನ ತುಂಬಿ, ‘ಅಯ್ಯೋ, ಎಲ್ಲರ ಮುಂದೆ ಉಗಿಯೋದಾ’ ಅಂತ ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಸರಿಯುತ್ತಾರೆ. ಮೊದಲು ಕರೆದರೆ ಒಬ್ಬರು ಬಂದರೂ ಸಾಕು, ಉಳಿದವರು ತಾವಾಗಿ ಬರುತ್ತಾರೆ. ಹಲ್ಲು ಸೆಟ್ ಇಟ್ಟುಕೊಂಡಿರೋ ಹಿರಿಯರಿಗೆ ಮುಚ್ಚಳದ ಡಬ್ಬಿ ಒಂದೊಂದು ಕೊಡಿ, ತೆಗೆದಿಟ್ಟು ಉಗಿಯೋದು ಕ್ಷೇಮ. ಓ ಕ್ಲೇರ್‌ನಲ್ಲೂ ಅದಕ್ಕೆಂದೇ ಜಾಗ ಮಾಡಿರುತ್ತಾರೆ.

ಒಬ್ಬರಿಗೆ ಮೂರು ಸರದಿ, ಅದರಲ್ಲಿ ಉದ್ದದ್ದು ಲೆಕ್ಕ. ಹೆಸರು ಕರೆದ ಮೇಲೆ ಒಂದು ನಿಮಿಷದೊಳಗೆ ಉಗಿಯಬೇಕು. ಗೆರೆ ತುಳಿದರೆ, ಬೀಜ ಅಂಕಣದ ಪಕ್ಕಕ್ಕೆ ಹೋದರೆ ಸರದಿ ಹೋಯಿತು. ಒಂದು ಸರದಿಗೆ ನಲವತ್ತು ಸೆಕೆಂಡು ಹಿಡಿದರೆ ನಲವತ್ತು ಜನಕ್ಕೆ 80 ನಿಮಿಷ. ಅಳತೆಯ ಜಗಳ ಇಲ್ಲದಿದ್ದರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಅಳತೆಗೆ ಮೂರು ಜನ ಬೇಕು. ಇಬ್ಬರು ಅಂಕಣದ ಎರಡು ಪಕ್ಕದಲ್ಲಿ, ಎದುರುಬದುರು ಕುಕ್ಕರುಗಾಲಲ್ಲಿ ಕೂರಬೇಕು. ನಿಂತರೆ ಬೀಜ ಬೀಳೋದು ಕಾಣೋದಿಲ್ಲ. ಕೂತರೆ ಬಿಳಿ ಫ್ಲೆಕ್ಸ್ ಮೇಲೆ ಟಪ್ ಅಂದದ್ದು ಕಾಣುತ್ತದೆ, ಕೇಳಿಸುತ್ತದೆ ಕೂಡ. ಹಾರೋ ಬೀಜವನ್ನು ಕಣ್ಣಲ್ಲಿ ಹಿಡಿಯೋಕೆ ಹೋಗಬೇಡಿ, ನೆಲವನ್ನೇ ನೋಡುತ್ತಿರಿ. ಫ್ಲೆಕ್ಸ್ ಮೇಲೆ ಐದೈದು ಅಡಿಗೆ ಮಾರ್ಕರ್ ಪೆನ್ನಿನಿಂದ ಅಡ್ಡಗೆರೆ ಎಳೆದಿದ್ದರೆ ಪ್ರತಿ ಸಲ ಪೂರ್ತಿ ಟೇಪು ಎಳೆಯಬೇಕಿಲ್ಲ. ಬೀಜ ಇಪ್ಪತ್ತರ ಗೆರೆ ದಾಟಿ ನಿಂತಿದ್ದರೆ ಆ ಗೆರೆಯಿಂದ ಬೀಜದ ಹತ್ತಿರದ ಅಂಚಿಗೆ ಸ್ಕೇಲು ಇಡಿ. ಎರಡಡಿ ಮೂರಂಗುಲ ಬಂದರೆ 22 ಅಡಿ 3 ಅಂಗುಲ. ಅಂತಿಮ ಸುತ್ತಿನಲ್ಲಿ ಮಾತ್ರ ಸ್ಟೀಲ್ ಟೇಪಿನಿಂದ ಪೂರ್ತಿ ಅಳೆಯಿರಿ. ಬಟ್ಟೆ ಟೇಪು ಹಿಗ್ಗುತ್ತದೆ. ಬಿದ್ದ ಜಾಗ ಲೆಕ್ಕವೋ ನಿಂತ ಜಾಗ ಲೆಕ್ಕವೋ ಅನ್ನೋದನ್ನು ಶುರುವಿನಲ್ಲೇ ಮೈಕಿನಲ್ಲಿ ಹೇಳಿಬಿಡಿ. ನಿಂತ ಜಾಗವೇ ವಾಸಿ, ಎಲ್ಲರ ಕಣ್ಣಿಗೂ ಕಾಣೋದು ಅದೇ. ಆದರೆ ನೆಲ ಇಳಿಜಾರು ಇರಬಾರದು. ಫ್ಲೆಕ್ಸ್ ಮೇಲೆ ಒಂದು ಗೋಲಿ ಇಟ್ಟು ನೋಡಿ, ಉರುಳಿದರೆ ಅಂಕಣದ ದಿಕ್ಕು ಬದಲಿಸಿ.

ಮೂರನೆಯವರು ಬರೆಯೋರು. ಅಳೆದಾದ ಮೇಲೆ ಆ ಬೀಜವನ್ನು ಕೈಗವಸು ಹಾಕಿಕೊಂಡು ತೆಗೆದುಬಿಡಬೇಕು. ಹಳೇ ಬೀಜ ಅಲ್ಲೇ ಉಳಿದರೆ ಮುಂದಿನವರದ್ದು ಯಾವುದು ಅಂತ ಗೊತ್ತಾಗೋದಿಲ್ಲ. ಅರ್ಧ ನಿಮಿಷ ಹುಡುಕಿಯೂ ಸಿಗದಿದ್ದರೆ ಒಂದು ಮರುಸರದಿ ಕೊಡಿ. ನೋಡೋ ಜನ ಗೆರೆಯ ಹಿಂದೆ ಅಥವಾ ಅಂಕಣದಿಂದ ಆರಡಿ ಆಚೆ ನಿಲ್ಲಲಿ. ಎದುರಿಗೆ ಯಾರೂ ಬೇಡ. ನೆಗಡಿ, ಕೆಮ್ಮು, ಜ್ವರ ಇರೋರನ್ನು ಪ್ರೀತಿಯಿಂದಲೇ ಮುಂದಿನ ವರ್ಷಕ್ಕೆ ಕರೆಯಿರಿ.

ಬಹುಮಾನಕ್ಕೆ ಒಂದು ಹತ್ತು ಕಿಲೋ ಹಣ್ಣು, ಎರಡನೆಯವರಿಗೆ ಮಂಡ್ಯದ ಅಚ್ಚುಬೆಲ್ಲ, ಮಕ್ಕಳಿಗೆಲ್ಲ ಬೆಲ್ಲದ ಪಾನಕ. ಅದಕ್ಕಿಂತ ಹೆಚ್ಚು ಬೇಕಿಲ್ಲ. ದುಡ್ಡು ಇಟ್ಟರೆ ಆಟದ ರುಚಿ ಕೆಡುತ್ತದೆ.

ಮುಗಿದ ಮೇಲೆ

ಫ್ಲೆಕ್ಸನ್ನು ಒಳಮುಖವಾಗಿ ಮಡಚಿ ಬಚ್ಚಲ ಕಡೆ ಒಯ್ದು, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ, ಮುಂದಿನ ವರ್ಷಕ್ಕೂ ಆಗುತ್ತದೆ. ಸಿಪ್ಪೆಯನ್ನು ತೊಳೆದು, ಸಣ್ಣಗೆ ಹೆಚ್ಚಿ ಹಸುಗಳಿಗೆ ಹಾಕಿ. ದೊಡ್ಡ ತುಂಡು ಗಂಟಲಿಗೆ ಸಿಕ್ಕುತ್ತದೆ, ಒಂದೇ ಹಸುವಿಗೆ ರಾಶಿ ಸುರಿದರೆ ಹೊಟ್ಟೆ ಕೆಡುತ್ತದೆ, ನಾಲ್ಕು ಮನೆಗೆ ಹಂಚಿ. ಕಚ್ಚದೆ ಕೊಯ್ದ ಹಣ್ಣಿನ ಸಿಪ್ಪೆಯ ಬಿಳಿ ಭಾಗ ಹುಳಿಗೂ ಪಲ್ಯಕ್ಕೂ ಸೋರೆಕಾಯಿಯಷ್ಟೇ ಚೆನ್ನ. ಉಳಿದ ಬೀಜವನ್ನು ಮಕ್ಕಳು ಬಿತ್ತುತ್ತೇವೆ ಅಂದರೆ ಬಿತ್ತಲಿ, ಬಳ್ಳಿ ಬರುತ್ತದೆ. ಹೈಬ್ರಿಡ್ ಹಣ್ಣಿನದಾದರೆ ಕಾಯಿ ತಾಯಿಯ ಹಾಗೇ ಇರೋದಿಲ್ಲ ಅನ್ನೋದನ್ನು ಮೊದಲೇ ಹೇಳಿ.

ಗೆದ್ದವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೀ ಹೆಸರು, ಅಡಿ, ಅಂಗುಲ ಸಾಲದು. ಯಾವ ಹಣ್ಣಿನ ಬೀಜ, ಫ್ಲೆಕ್ಸ್ ಮೇಲೋ ಸಿಮೆಂಟ್ ಮೇಲೋ, ಬೆಳಿಗ್ಗೆ ಎಷ್ಟು ಗಂಟೆ, ದಾರ ತೂಗುತ್ತಿತ್ತೋ ಅಲ್ಲಾಡುತ್ತಿತ್ತೋ, ಬಿದ್ದ ಜಾಗದ ಅಳತೆಯೋ ನಿಂತ ಜಾಗದ್ದೋ, ಇವಿಷ್ಟೂ ಅದೇ ಸಾಲಿನಲ್ಲಿ ಇರಲಿ. ಬರುವ ಬೇಸಿಗೆಯಲ್ಲಿ ಯಾರಾದರೂ ‘ಹೋದ ವರ್ಷದ್ದನ್ನು ಮುರಿದೆ’ ಅಂದಾಗ ಈ ಪುಟ ತೆಗೆದು ನೋಡಬೇಕಾಗುತ್ತದೆ.